ಎರಡು ಬೋಗಿಗಳನ್ನು ಕತ್ತರಿಸಿ ಒಂದು ಉದ್ದನೆಯ ಬೋಗಿ: ನನ್ನ ಅನುಭವ

ಮಾದರಿ ರೈಲಿನ ಪ್ಲಾಸ್ಟಿಕ್ ಬೋಗಿಯನ್ನು ಉದ್ದ ಮಾಡುವಾಗ ಗರಗಸ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಎಲ್ಲಿ ಕತ್ತರಿಸಬೇಕೆಂದು ಗುರುತಿಸುವುದೇ ಆ ಅರ್ಧ. ನುಣುಪಾದ ಫಲಕದ ನಡುವೆ ಬಿದ್ದ ಕೂಡುಗೆರೆ, ಅಂದರೆ ಎರಡು ತುಂಡುಗಳು ಸೇರುವ ಗೆರೆ, ಎಷ್ಟು ಉಜ್ಜಿದರೂ, ಬಣ್ಣ ಬಳಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಅದೇ ಗೆರೆ ರಿವೆಟ್ (ತಗಡು ಜೋಡಿಸುವ ಮೊಳೆ) ಸಾಲಿನ ಪಕ್ಕಕ್ಕೆ ಬಂದರೆ ನೋಡುವವರು ಅದನ್ನು ಬೋಗಿಯ ಸಹಜ ಗೆರೆ ಎಂದೇ ತಿಳಿಯುತ್ತಾರೆ.

ನಾನು ಹೆಚ್ಚಾಗಿ ಮಾಡುವುದು 40 ಅಡಿಯ ಮುಚ್ಚಿದ ಸರಕು ಬೋಗಿಯನ್ನು 50 ಅಡಿಗೆ ಹಿಗ್ಗಿಸುವ ಕೆಲಸ. ಎಚ್‌ಒ ಪ್ರಮಾಣದಲ್ಲಿ, ಅಂದರೆ 1:87ರಲ್ಲಿ, ನಿಜವಾದ ಒಂದು ಅಡಿಗೆ 3.5 ಮಿ.ಮೀ. ಹಾಗಾಗಿ 40 ಅಡಿ ಎಂದರೆ 140 ಮಿ.ಮೀ., 50 ಅಡಿ ಎಂದರೆ 175 ಮಿ.ಮೀ. ಒಂದೇ ಅಚ್ಚಿನ ಎರಡು ಬೋಗಿಗಳು ಬೇಕು. ಮೊದಲನೆಯದರಲ್ಲಿ ಬಾಗಿಲಿನ ಎರಡೂ ಅಂಚುಗಳಲ್ಲಿ ಕತ್ತರಿಸಿ, ಆರು ಅಡಿ ಬಾಗಿಲಿರುವ 21 ಮಿ.ಮೀ. ತುಂಡನ್ನು ತೆಗೆದಿಡುತ್ತೇನೆ. ಉಳಿಯುವುದು 59.5 ಮಿ.ಮೀ.ನ ಎರಡು ತುದಿಗಳು. ಎರಡನೆಯದರಲ್ಲಿ ಬಾಗಿಲಿನ ಆಚೆ ಈಚೆ 17.5 ಮಿ.ಮೀ. ಬಿಟ್ಟು ಕತ್ತರಿಸಿದರೆ 56 ಮಿ.ಮೀ.ನ ನಡುಭಾಗ ಸಿಗುತ್ತದೆ. ಮೂರನ್ನೂ ಸೇರಿಸಿದರೆ ಸರಿಯಾಗಿ 175. ಉಳಿದ ತುಂಡುಗಳನ್ನೂ ಎಸೆಯಬೇಕಿಲ್ಲ. ಅವನ್ನು ಜೋಡಿಸಿದರೆ 30 ಅಡಿಯ ಒಂದು ಗಿಡ್ಡ ಬೋಗಿಯಾಗುತ್ತದೆ.

ಕಾಗದದ ಮೇಲೆ ಲೆಕ್ಕ ಇಷ್ಟು ಅಚ್ಚುಕಟ್ಟಾಗಿದ್ದರೂ ರಿವೆಟ್ ಸಾಲು ಸರಿಯಾಗಿ 17.5ಕ್ಕೇ ಬರುವುದು ಅಪರೂಪ. ಆಗ ನಾನು ಅಳತೆಯನ್ನು ಬಿಟ್ಟು ಸಾಲನ್ನು ಹಿಡಿಯುತ್ತೇನೆ. ಒಟ್ಟು ಉದ್ದದಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ಸಾಲಿಲ್ಲದ ಕಡೆ ಬಿದ್ದ ಕೂಡುಗೆರೆ ಎಲ್ಲರಿಗೂ ಗೊತ್ತಾಗುತ್ತದೆ. ರಿವೆಟ್ ಸಾಲು ಪೂರ್ತಿಯಾಗಿ ನಡುಭಾಗದ ತುಂಡಿನಲ್ಲೇ ಉಳಿಯಬೇಕು. ಸಾಲಿನ ಮೇಲೆಯೇ ಗರಗಸ ಆಡಿಸಿದರೆ ಎರಡೂ ಕಡೆ ಹರಕು ರಿವೆಟ್‌ಗಳು ಉಳಿಯುತ್ತವೆ. ಬಾಗಿಲು ಜಾರುವ ಹಳಿ ಚೌಕಟ್ಟನ್ನು ದಾಟಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದನ್ನು ಉಳಿಯಲಗಿನಿಂದ ಕೆತ್ತಿ ತೆಗೆದು, ಕೊನೆಗೆ ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಹೊಸದು ಮಾಡುತ್ತೇನೆ.

ಗರಗಸ ತಾನು ಹೋದ ದಾರಿಯ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಎಂಬುದು ಸದಾ ನೆನಪಿರಬೇಕು. ತೆಳುವಾದ ರೇಜರ್ ಗರಗಸವೂ 0.3 ಮಿ.ಮೀ.ನಷ್ಟು ತಿಂದರೆ ನಿಜವಾದ ಬೋಗಿಯಲ್ಲಿ ಅದು ಒಂದು ಅಂಗುಲ. ಆದ್ದರಿಂದ ಗೆರೆಯ ಆಚೆ, ಬೇಡದ ತುಂಡಿನ ಬದಿಯಲ್ಲಿ ಕತ್ತರಿಸಿ, ಮಿಕ್ಕಿದ್ದನ್ನು ಉಜ್ಜಿ ಗೆರೆಗೆ ತರುತ್ತೇನೆ. ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಅಂಟಿಸಿ, ಬೋಗಿಯ ತುಂಡನ್ನು ನೆಟ್ಟಗೆ ನಿಲ್ಲಿಸಿ, ಮೂಲಮಟ್ಟದ ಆಸರೆಯಲ್ಲಿ ನಿಧಾನವಾಗಿ ಆಡಿಸಬೇಕು. ಎರಡು ತುಂಡುಗಳನ್ನು ಒತ್ತಿ ಹಿಡಿದು ದೀಪದ ಎದುರು ಎತ್ತಿದಾಗ ಎಲ್ಲೂ ಬೆಳಕು ತೂರದಿದ್ದರೆ ಅಂಟಿಗೆ ಸಿದ್ಧ.

ಚಾವಣಿಯ ಪಟ್ಟಿಗಳು ಪಕ್ಕದ ರಿವೆಟ್ ಸಾಲುಗಳಿಗೆ ನೇರವಾಗಿ ಬರದಿದ್ದರೆ ಚಾವಣಿಯನ್ನು ಅದರದೇ ಪಟ್ಟಿಯ ಪಕ್ಕ, ಪಕ್ಕದ ಗೋಡೆಗಳನ್ನು ಅವುಗಳ ಸಾಲಿನ ಪಕ್ಕ ಮೆಟ್ಟಿಲಾಕಾರದಲ್ಲಿ ಕತ್ತರಿಸುವುದುಂಟು. ಹೊಂದಿಸುವುದು ಬಹಳ ಕಷ್ಟ, ಆದರೆ ನನ್ನ ಮಟ್ಟಿಗೆ ಆ ಶ್ರಮ ಸಾರ್ಥಕ: ಗೆರೆಯೂ ಅಡಗುತ್ತದೆ, ಜೋಡಣೆಯೂ ಗಟ್ಟಿಯಾಗುತ್ತದೆ.

ಅಂಟಿನ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಪಾಲಿಸ್ಟೈರೀನ್ ಬೋಗಿಗೆ ನೀರಿನಷ್ಟು ತೆಳುವಾದ ದ್ರಾವಕದ ಅಂಟೇ ಬೇಕು, ಸೂಪರ್ ಗ್ಲೂ ಅಲ್ಲ. ಸೂಪರ್ ಗ್ಲೂ ಎರಡು ತುಂಡುಗಳ ನಡುವೆ ಪ್ಲಾಸ್ಟಿಕ್ಕಿಗಿಂತ ಗಡುಸಾದ ಪದರವಾಗಿ ನಿಲ್ಲುತ್ತದೆ. ಉಜ್ಜುವಾಗ ಪ್ಲಾಸ್ಟಿಕ್ ಸವೆಯುತ್ತದೆ, ಅದು ದಿಬ್ಬವಾಗಿ ಉಳಿಯುತ್ತದೆ. ದ್ರಾವಕವಾದರೆ ಎರಡೂ ಅಂಚುಗಳನ್ನು ಕರಗಿಸಿ ಒಂದೇ ತುಂಡಾಗಿಸುತ್ತದೆ. ಬಣ್ಣದ ಮೇಲೆ ಅದು ಕೆಲಸ ಮಾಡದು, ಹಾಗಾಗಿ ಅಂಚುಗಳ ಬಣ್ಣವನ್ನು ಮೊದಲೇ ಪೂರ್ತಿ ತೆಗೆದಿರಬೇಕು. ಕಿಟಕಿ ತೆರೆದಿಟ್ಟುಕೊಂಡು, ತುಂಡುಗಳನ್ನು ಒತ್ತಿ ಹಿಡಿದು, ಕುಂಚದ ತುದಿಯನ್ನು ಒಳಬದಿಯಿಂದ ಗೆರೆಗೆ ತಾಗಿಸಿದರೆ ಸಾಕು, ದ್ರಾವಕ ತಾನಾಗಿ ಸಂದಿನುದ್ದಕ್ಕೂ ಓಡುತ್ತದೆ. ಹೊರಗೆ ಗೆರೆಯ ಮೇಲೆ ಟೇಪ್ ಇರಕೂಡದು. ಅದರ ಅಡಿಗೆ ನುಗ್ಗಿದ ದ್ರಾವಕ ಅಲ್ಲಿನ ರಿವೆಟ್‌ಗಳನ್ನೆಲ್ಲ ಕರಗಿಸಿಬಿಡುತ್ತದೆ. ಕೆಲವು ಕ್ಷಣಗಳ ಬಳಿಕ ಇನ್ನಷ್ಟು ಒತ್ತಿದಾಗ ಮೆತ್ತಗಾದ ಪ್ಲಾಸ್ಟಿಕ್ ಹೊರಗೆ ಸಣ್ಣ ಎಳೆಯಾಗಿ ಉಬ್ಬಿ ಬರಬೇಕು. ಆ ಎಳೆ ಕಂಡರೆ ನನಗೆ ಸಮಾಧಾನ. ಸಂದು ತುಂಬಿತು, ಪುಟ್ಟಿಯ ಹಂಗಿಲ್ಲ.

ಇದಾದ ಮೇಲೆ ಕೆಲವು ದಿನ ಗೆರೆಯ ಹೊರಮೈಯನ್ನು ಮುಟ್ಟಬಾರದು. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗಿನ ದ್ರಾವಕ ಇನ್ನೂ ಆರುತ್ತಿರುತ್ತದೆ, ಆರುತ್ತಾ ಪ್ಲಾಸ್ಟಿಕ್ ಕುಗ್ಗುತ್ತಿರುತ್ತದೆ. ಮರುದಿನವೇ ಉಜ್ಜಿ ಸಮ ಮಾಡಿದ ಗೆರೆ ವಾರ ಕಳೆಯುವುದರೊಳಗೆ ತಗ್ಗಾಗುತ್ತದೆ. ಈ ಅವಧಿಯಲ್ಲಿ ಒಳಗಿನ ಕೆಲಸ ಮಾಡಿಕೊಳ್ಳಬಹುದು. ಜೋಡಣೆಯ ಹಿಂದೆ ಒಂದು ಮಿ.ಮೀ. ದಪ್ಪದ ಸ್ಟೈರೀನ್ ಪಟ್ಟಿಯನ್ನು ಅಂಟಿಸುತ್ತೇನೆ, ಆದರೆ ಅಲ್ಲಿ ದ್ರಾವಕ ಅತಿ ಕಡಿಮೆ. ಗೋಡೆಯ ಪ್ಲಾಸ್ಟಿಕ್ ತೆಳು, ಹಿಂದಿನಿಂದ ಹೆಚ್ಚು ಬಿದ್ದರೆ ಮುಂದಿನ ಮೈ ಗುಳಿ ಬೀಳುತ್ತದೆ.

ಒಣಗಿದ ಎಳೆಯನ್ನು ಅಲಗಿನಿಂದ ಹೆರೆದು, 400ರಿಂದ 600ರ ನುಣುಪಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜುತ್ತೇನೆ. ರಿವೆಟ್ ಸಾಲಿನ ಪಕ್ಕ ಉಜ್ಜಲು ಕಾಗದವನ್ನು ಕಿರಿದಾದ ಪಟ್ಟಿಗೆ ಅಂಟಿಸಿಕೊಂಡರೆ ಸಾಲು ಉಳಿಯುತ್ತದೆ. ಬೂದು ಬಣ್ಣದ ಪ್ರೈಮರ್ ಹಾಕಿದ ಮೇಲೆ ಓರೆ ಬೆಳಕಿನಲ್ಲಿ ನೋಡಬೇಕು. ಬರಿಯ ಪ್ಲಾಸ್ಟಿಕ್‌ನಲ್ಲಿ ಬಚ್ಚಿಟ್ಟುಕೊಂಡಿದ್ದೆಲ್ಲ ಆಗ ಬಯಲಾಗುತ್ತದೆ.

ಅಡಿಚೌಕಟ್ಟನ್ನೂ ಇದೇ ಲೆಕ್ಕದಲ್ಲಿ ಉದ್ದ ಮಾಡುತ್ತೇನೆ. ತೂಕಕ್ಕೆ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಶಿಫಾರಸು ಹಿಡಿಯುತ್ತೇನೆ: ಎಚ್‌ಒ ಬೋಗಿಗೆ ಮೂಲವಾಗಿ ಒಂದು ಔನ್ಸ್, ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಸುಮಾರು ಏಳು ಅಂಗುಲದ ಈ ಬೋಗಿಗೆ ನಾಲ್ಕೂವರೆ ಔನ್ಸ್, ಎಂದರೆ ಸುಮಾರು 128 ಗ್ರಾಂ ಆಗುತ್ತದೆ. ಕಬ್ಬಿಣದ ಪಟ್ಟಿಯನ್ನು ನೆಲಕ್ಕೆ ಹೊಂದಿಸಿ ಕೂರಿಸಿದರೆ ತೂಕ ತಗ್ಗಿನಲ್ಲಿ ನಿಲ್ಲುತ್ತದೆ, ಎರಡು ಜೋಡಣೆಗಳ ಅಡಿಯೂ ಹಾದುಹೋಗುವುದರಿಂದ ಬೋಗಿ ನಡುವೆ ಬಾಗುವುದೂ ಇಲ್ಲ.