ಬಣ್ಣದ ನೀರು, ಟೈಟಾನಿಯಂ ಪುಡಿ, ಬಿಸಿಲು: ಪ್ರಯೋಗ ಮಾಡುವ ಕ್ರಮ

ಮೆಥಿಲೀನ್ ಬ್ಲೂ ಕರಗಿಸಿದ ನೀರಿಗೆ ಟೈಟಾನಿಯಂ ಡೈಆಕ್ಸೈಡಿನ ನ್ಯಾನೊ ಪುಡಿ ಬೆರೆಸಿ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ನೀಲಿ ಮಾಯವಾಗುತ್ತದೆ. ಎಷ್ಟೋ ಕಾಲೇಜು ಪ್ರಾಜೆಕ್ಟುಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ಬಣ್ಣ ಪುಡಿಗೆ ಅಂಟಿಕೊಂಡೂ ಹೋಗಬಹುದು, ಬರೀ ಬಿಸಿಲಿಗೆ ಮಾಸಿಯೂ ಹೋಗಬಹುದು, ಆಮ್ಲಜನಕ ಸಾಲದೆ ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ ತಿರುಗಿಯೂ ಇರಬಹುದು. ಈ ಮೂರನ್ನೂ ಬೇರ್ಪಡಿಸಿ ತೋರಿಸಿದರೆ ಮಾತ್ರ ಪುಡಿ ಬೆಳಕಿನ ನೆರವಿನಿಂದ ಬಣ್ಣವನ್ನು ಒಡೆದಿದೆ ಎನ್ನಬಹುದು.

ಪುಡಿ ಮತ್ತು ಬೆಳಕು

ಆರಂಭಕ್ಕೆ ಪಿ-25 ಎಂಬ ಹೆಸರಿನ ಪುಡಿಯೇ ಒಳ್ಳೆಯದು. ಇದರಲ್ಲಿ ಟೈಟಾನಿಯಂ ಡೈಆಕ್ಸೈಡಿನ ಎರಡು ಹರಳು ರೂಪಗಳಿವೆ: ಸುಮಾರು 80 ಪಾಲು ಅನಾಟೇಸ್, 20 ಪಾಲು ರುಟೈಲ್. ಕಣಗಳ ಗಾತ್ರ 21 ನ್ಯಾನೊಮೀಟರ್ ಆಸುಪಾಸು, ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೇಲ್ಮೈ. ಪೇಂಟ್ ಅಂಗಡಿಯ ಟೈಟಾನಿಯಂ ಬಿಳಿ ತರಬೇಡಿ. ಪೇಂಟು ಬಿಸಿಲಿಗೆ ಹಾಳಾಗದಿರಲಿ ಎಂದು ಅದರ ಕಣಗಳಿಗೆ ಸಿಲಿಕಾ, ಅಲ್ಯುಮಿನಾ ಲೇಪ ಕೊಟ್ಟಿರುತ್ತಾರೆ. ನಿಮಗೆ ಬೇಕಾದ ಗುಣವನ್ನೇ ಅಲ್ಲಿ ಅಡಗಿಸಿಟ್ಟಿರುತ್ತಾರೆ.

ಅನಾಟೇಸಿನ ಬ್ಯಾಂಡ್ ಗ್ಯಾಪ್, ಅಂದರೆ ಅದರ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ಬೇಕಾದ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ 387 ನ್ಯಾನೊಮೀಟರಿಗಿಂತ ಗಿಡ್ಡ ಅಲೆಯ ಅತಿನೇರಳೆ ಬೆಳಕು ಮಾತ್ರ ಅದನ್ನು ಎಬ್ಬಿಸಬಲ್ಲದು. ಬಿಸಿಲಿನ ಶಕ್ತಿಯಲ್ಲಿ ಅಂಥದ್ದು ನೂರಕ್ಕೆ 5ರ ಒಳಗೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು ಹಿಂದೆ ಒಂದು ಖಾಲಿ ಜಾಗ, ಅಂದರೆ ಹೋಲ್ ಉಳಿಯುತ್ತದೆ. ಹೋಲ್ ನೀರಿನಿಂದ, ಬಣ್ಣದ ಅಣುವನ್ನು ಒಡೆಯುವ ಚುರುಕು ತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಎಲೆಕ್ಟ್ರಾನನ್ನು ಕರಗಿದ ಆಮ್ಲಜನಕ ಎತ್ತಿಕೊಳ್ಳುತ್ತದೆ. ಆಮ್ಲಜನಕ ಇಲ್ಲದಿದ್ದರೆ ಎರಡೂ ಮತ್ತೆ ಕೂಡಿಕೊಂಡು ಬೆಳಕು ಬರಿದೇ ಶಾಖವಾಗುತ್ತದೆ.

ತೂಕ, ಅಳತೆ

50 ಮಿ.ಗ್ರಾಂ ಮೆಥಿಲೀನ್ ಬ್ಲೂವನ್ನು 500 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಕತ್ತಲಲ್ಲಿಡಿ. ಇದರಿಂದ 50 ಮಿ.ಲೀ. ತೆಗೆದು ಒಂದು ಲೀಟರಿಗೆ ಏರಿಸಿದರೆ ಲೀಟರಿಗೆ 5 ಮಿ.ಗ್ರಾಂ ದ್ರಾವಣ ಸಿಗುತ್ತದೆ. 10 ಮಿ.ಗ್ರಾಂ ಬೇಡ. ಅದರ ಅಬ್ಸಾರ್ಬೆನ್ಸ್, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬುದರ ಅಳತೆ, 2ರ ಹತ್ತಿರ ಹೋಗಿ, ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರಿನ ಓದು ನಂಬಲು ಬಾರದು.

ಪುಡಿ ಲೀಟರಿಗೆ ಅರ್ಧ ಗ್ರಾಂ, ಅಂದರೆ 200 ಮಿ.ಲೀ.ಗೆ 100 ಮಿ.ಗ್ರಾಂ. ಇದಕ್ಕಿಂತ ಬಹಳ ಹೆಚ್ಚು ಸುರಿದರೆ ವೇಗ ಏರುವುದಿಲ್ಲ; ಮೇಲಿನ ಕಣಗಳ ನೆರಳಲ್ಲಿ ಕೆಳಗಿನವು ಸುಮ್ಮನಿರುತ್ತವೆ. ತೂಗುವಾಗ ಎನ್95 ಮಾಸ್ಕ್, ಕೈಗವಸು ಇರಲಿ, ಫ್ಯಾನ್ ಆಫ್ ಇರಲಿ. ಉಸಿರಿನ ಜೊತೆ ಒಳಹೋಗುವ ಟೈಟಾನಿಯಂ ಡೈಆಕ್ಸೈಡ್ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿಗೆ, ಸೇರಿಸಿದೆ. ಪುಡಿಗೆ ತಕ್ಷಣ ಸ್ವಲ್ಪ ನೀರು ಹಾಕಿ ಕಲಸಿಬಿಟ್ಟರೆ ದೂಳಿನ ಕಾಟ ಅರ್ಧ ತಪ್ಪುತ್ತದೆ.

ಪಿ-25 ಕಣಗಳ ಮೇಲಿನ ವಿದ್ಯುದಂಶ ಪಿಎಚ್ 6ರಿಂದ 6.5ರ ಹತ್ತಿರ ಸೊನ್ನೆಯಾಗುತ್ತದೆ. ಅಲ್ಲಿ ಕಣಗಳು ಗಂಟುಕಟ್ಟುತ್ತವೆ. ಅದಕ್ಕೇ ತೆಳು ಸೋಡಿಯಂ ಹೈಡ್ರಾಕ್ಸೈಡಿನ ಹನಿಗಳಿಂದ ಪಿಎಚ್ 8ಕ್ಕೆ ತನ್ನಿ. ಆಗ ಮೇಲ್ಮೈ ಋಣವಾಗಿ, ಧನ ಅಂಶದ ಮೆಥಿಲೀನ್ ಬ್ಲೂ ಅದರತ್ತ ಬರುತ್ತದೆ. ಮೆಥಿಲ್ ಆರೆಂಜ್‌ನಂಥ ಋಣ ಬಣ್ಣಕ್ಕೆ ಇದು ತಿರುಗಾಮುರುಗ. ಪಿಎಚ್ 3ರಿಂದ 4 ಬೇಕು. ಕೊನೆಗೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಹತ್ತು ನಿಮಿಷ ಇಟ್ಟು ಗಂಟು ಬಿಡಿಸಿ.

ಮೂರು ಪಾತ್ರೆ, ಒಂದೇ ಬಿಸಿಲು

12ರಿಂದ 15 ಸೆಂ.ಮೀ. ಅಗಲದ ಗಾಜಿನ ಬಟ್ಟಲುಗಳು ಬೇಕು, 200 ಮಿ.ಲೀ. ಹಾಕಿದರೆ ಆಳ ಒಂದೆರಡು ಸೆಂ.ಮೀ. ಮಾತ್ರ ಇರುತ್ತದೆ. ಎತ್ತರದ ಬೀಕರಿನಲ್ಲಿ ಬೆಳಕು ತಳ ಮುಟ್ಟದು. ಪಾಲಿಕಾರ್ಬೊನೇಟ್ ಹಾಳೆ ಮುಚ್ಚಬೇಡಿ, ಬೇಕಾದ ಬೆಳಕನ್ನೇ ಅದು ತಡೆಯುತ್ತದೆ.

ಮೊದಲ ಬಟ್ಟಲಿಗೆ ಬಣ್ಣ ಮತ್ತು ಪುಡಿ. ಎರಡನೆಯದಕ್ಕೂ ಅದೇ, ಆದರೆ ಪೂರ್ತಿ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಬಿಸಿಲಲ್ಲೇ ಇಡಿ. ಮೂರನೆಯದಕ್ಕೆ ಬರೀ ಬಣ್ಣ. ಮೂರಕ್ಕೂ ಮ್ಯಾಗ್ನೆಟಿಕ್ ಸ್ಟರರ್ ಮತ್ತು ಅಕ್ವೇರಿಯಂ ಪಂಪಿನ ಗಾಳಿ ಇರಲಿ. ಎರಡನೆಯದನ್ನು ಒಳಗಿನ ಕಪಾಟಿನಲ್ಲಿಟ್ಟರೆ ಬಿಸಿ ಬೇರೆಯಾಗಿ ಹೋಲಿಕೆ ಕೆಡುತ್ತದೆ.

ಮೊದಲ ಅರ್ಧ ಗಂಟೆ ಮೂರನ್ನೂ ಕತ್ತಲಲ್ಲಿ ಕಲಕಿ. ಅಂಟುವಷ್ಟು ಬಣ್ಣ ಅಂಟಲಿ. ಅದರ ನಂತರದ ಓದನ್ನೇ ಆರಂಭದ ಪ್ರಮಾಣ ಎಂದು ಹಿಡಿಯಬೇಕು. ಕತ್ತಲಿಗೆ ಮುಂಚಿನದನ್ನು ಹಿಡಿದರೆ ಅಂಟಿದ್ದೆಲ್ಲ ಬೆಳಕಿನ ಲೆಕ್ಕಕ್ಕೆ ಸೇರುತ್ತದೆ. 11ರಿಂದ 2 ಗಂಟೆಯ ನಡುವೆ ಬಿಸಿಲಿಗೆ ತೆಗೆದು 0, 10, 20, 30, 45, 60ನೇ ನಿಮಿಷಕ್ಕೆ 4 ಮಿ.ಲೀ. ಮಾದರಿ ತೆಗೆಯಿರಿ. ನೀರು ಆವಿಯಾಗಿ ಬಣ್ಣ ಗಟ್ಟಿಯಾಗುತ್ತದೆ. ಹಾಗಾಗಿ ಪ್ರತಿ ಮಾದರಿ ತೆಗೆದ ಮೇಲೆ ಬಟ್ಟಲು ತೂಗಿ ಬರೆದಿಡಿ, ಮುಂದಿನದಕ್ಕೆ ಮುಂಚೆ ಅಷ್ಟೇ ತೂಕ ಬರುವಂತೆ ಡಿಸ್ಟಿಲ್ಡ್ ನೀರು ಸೇರಿಸಿ. ನಿನ್ನೆಯ ಬಿಸಿಲಿನ ಅಂಕಿಯನ್ನು ಇಂದಿನದರ ಜೊತೆ ಹೋಲಿಸುವ ಆಸೆ ಬೇಡ. ಅದು ಬೇಕೆಂದರೆ 365 ನ್ಯಾನೊಮೀಟರ್ ಎಲ್‌ಇಡಿ ಕೆಳಗೆ, ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಂಡು ಮಾಡಿ.

ಓದುವಾಗ ಆಗುವ ತಪ್ಪು

ಫಿಲ್ಟರ್ ಪೇಪರಿನಲ್ಲಿ ನ್ಯಾನೊ ಕಣ ನಿಲ್ಲದು. ನಿಮಿಷಕ್ಕೆ 10,000 ಸುತ್ತಿನ ವೇಗದಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡುವುದು ಉತ್ತಮ. 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಬಳಸುವುದಾದರೆ ಗೊತ್ತಿರುವ ಬಣ್ಣದ ದ್ರಾವಣ ಹಾಯಿಸಿ ಮೊದಲು ಪರೀಕ್ಷಿಸಿ. ಸೆಲ್ಯುಲೋಸ್ ನೈಟ್ರೇಟ್ ಪೊರೆ ಮೆಥಿಲೀನ್ ಬ್ಲೂವನ್ನು ತಾನೇ ಹೀರಿಕೊಳ್ಳುತ್ತದೆ.

664 ನ್ಯಾನೊಮೀಟರಿನ ಒಂದೇ ಅಂಕಿ ಬರೆದುಕೊಂಡರೆ ಸಾಲದು, 200ರಿಂದ 800ರವರೆಗೆ ಪೂರ್ತಿ ಸ್ಕ್ಯಾನ್ ಮಾಡಿ. ಮೆಥಿಲೀನ್ ಬ್ಲೂ 800ರಲ್ಲಿ ಬೆಳಕು ಹೀರುವುದಿಲ್ಲ. ಅಲ್ಲಿ ಸೊನ್ನೆ ಬಾರದಿದ್ದರೆ ಪುಡಿ ಉಳಿದಿದೆ ಎಂದರ್ಥ. 664ರ ಶಿಖರ ಗಿಡ್ಡ ಅಲೆಯತ್ತ ಜರುಗುತ್ತಿದ್ದರೆ ಮೆಥಿಲ್ ಗುಂಪುಗಳು ಕಳಚುತ್ತಿವೆ, ಅಣು ಇನ್ನೂ ಒಡೆದಿಲ್ಲ. 292ರ ಹತ್ತಿರದ ಶಿಖರ ಉಳಿದಿದ್ದರೆ ಉಂಗುರದ ರಚನೆ ಹಾಗೇ ಇದೆ. ಬಣ್ಣ ಹೋದ ಮಾದರಿಯನ್ನು ಗಾಳಿಯಲ್ಲಿ ಕುಲುಕಿ ನೋಡಿ: ನೀಲಿ ಮರಳಿದರೆ ಆಗಿದ್ದು ವಿಭಜನೆಯಲ್ಲ, ಆಮ್ಲಜನಕದ ಕೊರತೆ.

ಆರಂಭದ ಪ್ರಮಾಣವನ್ನು ಆಯಾ ಸಮಯದ ಪ್ರಮಾಣದಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗನ್ನು ನಿಮಿಷದ ಎದುರು ಗುರುತಿಸಿ. ನೇರ ಗೆರೆಯ ಇಳಿಜಾರೇ ವೇಗಾಂಕ. ಒಂದು ಗಂಟೆಗೆ ಹತ್ತನೇ ಒಂದು ಪಾಲು ಉಳಿದರೆ ನಿಮಿಷಕ್ಕೆ 0.038 ಬರುತ್ತದೆ.

ಸಿಒಡಿ (ನೀರಿನಲ್ಲಿರುವ ಸಾವಯವ ವಸ್ತುವನ್ನು ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ಕೂಡ ಮಾಡಬೇಕೆಂದಿದ್ದರೆ ಲೀಟರಿಗೆ 50 ಮಿ.ಗ್ರಾಂ ದ್ರಾವಣದಿಂದ ಶುರುಮಾಡಿ, ಹೆಚ್ಚು ಹೊತ್ತು ಬಿಸಿಲು ಕೊಡಿ. 5 ಮಿ.ಗ್ರಾಮಿಗೆ ಸಿದ್ಧಾಂತದ ಪ್ರಕಾರವೇ ಸಿಒಡಿ ಲೀಟರಿಗೆ ಸುಮಾರು 10 ಮಿ.ಗ್ರಾಂ. ಡೈಕ್ರೊಮೇಟ್ ಟೈಟ್ರೇಷನ್‌ನಲ್ಲಿ ಅದರ ಇಳಿಕೆ ತಿಳಿಯುವುದು ಕಷ್ಟ.

ನಿಜವಾದ ಕೊಳೆನೀರಿಗೆ ಬಂದಾಗ

ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಾಕಿದ ನೀರಿನಲ್ಲಿ ಉಪ್ಪು, ಸೋಡಾ ಧಾರಾಳವಾಗಿರುತ್ತವೆ. ಕಾರ್ಬೊನೇಟ್, ಕ್ಲೋರೈಡುಗಳು ರ‍್ಯಾಡಿಕಲ್‌ಗಳನ್ನು ನುಂಗುತ್ತವೆ, ಗಾಢ ಬಣ್ಣ ಬೆಳಕನ್ನೇ ತಡೆಯುತ್ತದೆ. ಆದ್ದರಿಂದ ಈ ವಿಧಾನಕ್ಕೆ ಜಾಗ ಕೊನೆಯ ಹಂತದಲ್ಲಿ, ಆಲಂ ಮತ್ತು ಜೈವಿಕ ಶುದ್ಧೀಕರಣ ಮುಗಿದ ಮೇಲೆ. ಕೋಲಾರ, ಪಾವಗಡದ ಕೊಳವೆಬಾವಿಗಳ ಫ್ಲೋರೈಡ್‌ಗೆ ಇದರಿಂದ ಏನೂ ಆಗದು. ಒಡೆಯುವುದು ಮುಖ್ಯವಾಗಿ ಸಾವಯವ ವಸ್ತುಗಳನ್ನು. ಪ್ರಯೋಗದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಲು ಅಲ್ಲ.

ಬಿಸಿಲಿನ ಗೋಚರ ಭಾಗವನ್ನೂ ಬಳಸಬೇಕೆನ್ನುವವರು ಮುಚ್ಚಿದ ಕ್ರೂಸಿಬಲ್‌ನಲ್ಲಿ ಮೆಲಮೈನನ್ನು 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಿಸಿ ಹಳದಿ ಕಾರ್ಬನ್ ನೈಟ್ರೈಡ್ ಮಾಡಿಕೊಳ್ಳಬಹುದು. ಅಮೋನಿಯಾ ಹೊರಡುವುದರಿಂದ ಕುಲುಮೆ ಫ್ಯೂಮ್ ಹುಡ್ ಕೆಳಗಿರಲಿ. ಅದು 460 ನ್ಯಾನೊಮೀಟರ್‌ವರೆಗಿನ ಬೆಳಕು ಹಿಡಿಯುತ್ತದೆ. ಸತುವಿನ ಆಕ್ಸೈಡ್ ಅಗ್ಗ, ಆದರೆ ಆಮ್ಲದಲ್ಲಿ ಕರಗುತ್ತದೆ, ಬೆಳಕಿಗೂ ಸವೆಯುತ್ತದೆ.

ಪ್ರಯೋಗ ಮುಗಿದ ಮೇಲೆ ಪಿಎಚ್ ಮತ್ತೆ 6.5ರ ಹತ್ತಿರ ತಂದು ರಾತ್ರಿಯಿಡೀ ಬಿಡಿ. ಆಗ ಮೊದಲು ಕಾಟ ಕೊಟ್ಟ ಗಂಟುಕಟ್ಟುವ ಗುಣವೇ ಪುಡಿಯನ್ನು ತಳಕ್ಕಿಳಿಸುತ್ತದೆ. ಮೇಲಿನ ನೀರು ಬಸಿದು, ಪುಡಿ ತೊಳೆದು, 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಅಂಟಿದ ಸಾವಯವ ಉಳಿಕೆ ಸುಟ್ಟು ಮತ್ತೆ ಬಳಸಲು ಬರುತ್ತದೆ. ಬಳಸಲಾಗದ ಪುಡಿಯನ್ನು ಸಿಂಕಿಗೆ ಚೆಲ್ಲದೆ, ಒದ್ದೆಯಾಗಿಯೇ ಹೆಸರು ಬರೆದ ಡಬ್ಬಿಗೆ ಹಾಕಿ ಲ್ಯಾಬಿನ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.