ತಗ್ಗಿನ ಟ್ಯೂನಿಂಗ್‌ಗೆ ಫ್ಯಾನ್ಡ್ ಫ್ರೆಟ್ ಬೇಸ್: ನಾನು ಆರಿಸಿದ್ದು ಹೇಗೆ

ನಮ್ಮ ಬ್ಯಾಂಡಿನ ಹಾಡುಗಳು ಬರುಬರುತ್ತಾ ಕೆಳಗೆ ಇಳಿದವು. ಏಳು ತಂತಿಯ ಗಿಟಾರ್ ಮೊದಲು ಬಿ ಸ್ವರದಲ್ಲಿತ್ತು. ಆಮೇಲೆ ಡ್ರಾಪ್ ಎ (ಅತಿ ಕೆಳಗಿನ ತಂತಿ ಎ ಸ್ವರಕ್ಕೆ) ಆಯಿತು, ಕೆಲವು ಹಾಡುಗಳು ಜಿ ಶಾರ್ಪ್‌ವರೆಗೂ ಹೋದವು. ನಾನು ನುಡಿಸುವುದು ಬೇಸ್ ಗಿಟಾರ್. ನನ್ನ ಹತ್ತಿರ ಇದ್ದದ್ದು 34 ಇಂಚಿನ ಐದು ತಂತಿಯ ಬೇಸ್. 34 ಇಂಚು ಅಂದರೆ ತಂತಿ ನುಡಿಯುವ ಉದ್ದ, ಕುತ್ತಿಗೆಯ ತುದಿಯ ನಟ್‌ನಿಂದ ಕೆಳಗೆ ತಂತಿ ಕೂರುವ ಬ್ರಿಡ್ಜ್‌ವರೆಗೆ. ಬಿ ಸ್ವರದಲ್ಲಿ ಅದು ಚೆನ್ನಾಗಿಯೇ ನುಡಿಯುತ್ತಿತ್ತು. ಎ ಸ್ವರಕ್ಕೆ ಇಳಿಸಿದರೆ ತಂತಿ ಸಡಿಲವಾಗಿ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ಬಡಿಯುತ್ತಿತ್ತು, ಪಿಕ್ ಹಿಡಿದು ಜೋರಾಗಿ ಹೊಡೆದರೆ ಸ್ವರ ಮೊದಲು ಮೇಲಕ್ಕೆ ಹಾರಿ ಆಮೇಲೆ ಕೆಳಗೆ ಬಂದು ನಿಲ್ಲುತ್ತಿತ್ತು. ದಪ್ಪ ತಂತಿ ಹಾಕಿದೆ. ಬಿಗಿ ಬಂತು, ಆದರೆ ದನಿ ಮಂಕಾಯಿತು. ವೇಗದ ರಿಫ್‌ಗಳಲ್ಲಿ (ಮತ್ತೆ ಮತ್ತೆ ಬರುವ ಸ್ವರದ ತುಣುಕುಗಳಲ್ಲಿ) ಯಾವ ಸ್ವರ ನುಡಿಸುತ್ತಿದ್ದೇನೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ಹೊಸ ಬೇಸ್ ಬೇಕು ಅನ್ನಿಸಿದಾಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಎಷ್ಟು ತಂತಿ ಬೇಕು? ಐದೋ, ಆರೋ, ಏಳೋ? ನನ್ನ ಪ್ರಕಾರ ಆ ಪ್ರಶ್ನೆ ಆಮೇಲಿನದು. ಮೊದಲು ಕೇಳಬೇಕಾದದ್ದು ಎರಡೇ. ನಿಮ್ಮ ಹಾಡುಗಳಲ್ಲಿ ಅತಿ ಕೆಳಗಿನ ಸ್ವರ ಯಾವುದು? ಆ ಸ್ವರ ನುಡಿಸುವ ತಂತಿ ಎಷ್ಟು ಉದ್ದ ಇರಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ನಿರ್ಧಾರ ನಿಂತಿದ್ದೇ ಅದರ ಮೇಲೆ. ಒಂದೇ ತಂತಿ, ಒಂದೇ ಸ್ವರ ಅಂತ ಇಟ್ಟುಕೊಂಡರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 34 ಇಂಚಿನಿಂದ 35ಕ್ಕೆ ಹೋದರೆ ಬಿಗಿತ ಸುಮಾರು 6 ಶೇಕಡಾ ಜಾಸ್ತಿ. 35.5ಕ್ಕೆ ಹೋದರೆ 9. 37ಕ್ಕೆ ಹೋದರೆ 18ಕ್ಕೂ ಸ್ವಲ್ಪ ಮೇಲೆ. ಇನ್ನೊಂದು ಕಡೆ, ತಂತಿಯನ್ನು ಒಂದು ಫ್ರೆಟ್ಟಿನಷ್ಟು ಕೆಳಗೆ ಇಳಿಸಿದರೆ ಸುಮಾರು 11 ಶೇಕಡಾ ಬಿಗಿತ ಹೋಗುತ್ತದೆ, ಎರಡು ಫ್ರೆಟ್ಟಿನಷ್ಟು ಇಳಿಸಿದರೆ ಹತ್ತಿರ ಹತ್ತಿರ 21. ಎರಡನ್ನೂ ಕೂಡಿಸಿ ನೋಡಿದರೆ, 34ರಿಂದ 37ಕ್ಕೆ ಹೋಗುವ ಮೂರು ಇಂಚು ನಿಮಗೆ ಕೊಡುವುದು ಒಂದೂವರೆ ಫ್ರೆಟ್ಟಿನಷ್ಟು ಇಳಿತ. ಅದಕ್ಕಿಂತ ಜಾಸ್ತಿ ಇಲ್ಲ. ಫ್ಯಾನ್ಡ್ ಫ್ರೆಟ್ (ಕೆಳಗಿನ ತಂತಿ ಉದ್ದ, ಮೇಲಿನದು ಗಿಡ್ಡ ಇರುವ ಓರೆ ಫ್ರೆಟ್) ಬಂದ ಕೂಡಲೇ ಯಾವ ಸ್ವರಕ್ಕಾದರೂ ಇಳಿಯಬಹುದು ಅಂದುಕೊಳ್ಳುವವರು ಇದ್ದಾರೆ, ಹಾಗಲ್ಲ. 35 ಇಂಚಿನ ಬೇಸ್ ಕೊಡುವುದು ಅರ್ಧ ಫ್ರೆಟ್ಟಿನಷ್ಟು ಮಾತ್ರ.

ಹಾಗಾದರೆ ಮೂರು ಇಂಚಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು, ದಪ್ಪ ತಂತಿ ಹಾಕಿದರೆ ಮುಗಿಯಿತಲ್ವಾ? ಬಿಗಿತದ ಮಟ್ಟಿಗೆ ಮುಗಿಯಿತು. 34 ಇಂಚಿನಲ್ಲಿ ಬಿ ಸ್ವರಕ್ಕೆ ಸಾಮಾನ್ಯವಾಗಿ ಹಾಕುವ ತಂತಿ 130, ಅಂದರೆ 0.130 ಇಂಚು ದಪ್ಪ. ಅದೇ ಬಿಗಿತ ಎ ಸ್ವರದಲ್ಲಿ ಬೇಕು ಅಂದರೆ 34 ಇಂಚಿನಲ್ಲಿ ಸುಮಾರು 145 ಹಾಕಬೇಕು. 37 ಇಂಚಿನಲ್ಲಿ 135 ಸಾಕು. ಕೈಗೆ ಎರಡೂ ಒಂದೇ ಬಿಗಿ. ಕಿವಿಗೆ ಒಂದೇ ಅಲ್ಲ. ತಂತಿ ದಪ್ಪವಾದಷ್ಟೂ, ಅದರ ಒಳಗಿನ ಉಕ್ಕಿನ ಎಳೆ ದಪ್ಪವಾದಷ್ಟೂ, ತಂತಿ ಸುಲಭವಾಗಿ ಬಾಗದೆ ಬಿರುಸಾಗುತ್ತದೆ. ಬಿರುಸಾದ ತಂತಿಯ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಸ್ವಲ್ಪ ಸ್ವಲ್ಪ ಏರಿ ಕೂರುತ್ತವೆ. ಆಗ ಮೂಲ ಸ್ವರ ಒಂದು ಹೇಳಿದರೆ ಮೇಲಿನವು ಬೇರೆ ಹೇಳುತ್ತವೆ, ಕೇಳುವವರಿಗೆ ಸ್ವರ ಗಟ್ಟಿಯಾಗಿ ಹಿಡಿಸುವುದಿಲ್ಲ. ಅದೇ ತಂತಿ, ಅದೇ ಸ್ವರ ಇಟ್ಟುಕೊಂಡು ಉದ್ದ ಮಾತ್ರ 37 ಮಾಡಿದರೆ ಈ ದೋಷ ಸುಮಾರು 30 ಶೇಕಡಾ ತಗ್ಗುತ್ತದೆ. ದೊಡ್ಡ ಪಿಯಾನೋದ ಕೆಳಗಿನ ತಂತಿಗಳು ಅಷ್ಟು ಉದ್ದ ಇರುವುದಕ್ಕೂ ಇದೇ ಕಾರಣ. ನನಗೆ ಬೇಕಾಗಿದ್ದದ್ದು ಈ ಸ್ಪಷ್ಟತೆ.

ಎಲ್ಲ ತಂತಿಯನ್ನೂ 37 ಇಂಚು ಮಾಡಿಬಿಡಬಹುದಲ್ಲ ಅಂತಲೂ ಕೇಳಬಹುದು. ಮಾಡಬಹುದು, ಆದರೆ ಮೇಲಿನ ಜಿ ತಂತಿಗೆ ಅಷ್ಟು ಉದ್ದ ಬೇಡ. ಬಿಗಿ ಜಾಸ್ತಿಯಾಗಿ ಬೆರಳಿಗೆ ಗಡುಸು. ಬಿಗಿ ತಗ್ಗಿಸಲು ತೆಳು ತಂತಿ ಹಾಕಿದರೆ ದನಿಯೂ ತೆಳ್ಳಗಾಗುತ್ತದೆ. ಆರು ತಂತಿಯ ಬೇಸನ್ನು 1975ರಲ್ಲೇ ಮಾಡಿಸಿಕೊಂಡ ಬೇಸ್ ವಾದಕ ಆಂಥನಿ ಜಾಕ್ಸನ್ ಮುಂದೆ ಎಲ್ಲ ತಂತಿಗೂ ಒಂದೇ 36 ಇಂಚಿನ ಉದ್ದಕ್ಕೆ ಹೋದರು, ಆ ದಾರಿಯೂ ಇದೆ. ಫ್ಯಾನ್ಡ್ ಫ್ರೆಟ್ ಮಾಡುವುದು ಬೇರೆ: ಕೆಳಗಿನ ತಂತಿಗೆ ಉದ್ದ, ಮೇಲಿನದಕ್ಕೆ ಗಿಡ್ಡ, ನಡುವಿನವು ಕ್ರಮವಾಗಿ ಇಳಿಯುತ್ತವೆ. ಅದಕ್ಕೇ ಫ್ರೆಟ್‌ಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಇಂದಿನ ರೂಪಕ್ಕೆ ಪೇಟೆಂಟ್ ಪಡೆದವರು ರಾಲ್ಫ್ ನೊವಾಕ್, 1989ರಲ್ಲಿ. ಬೇಸ್‌ನಲ್ಲಿ ಇದನ್ನು ಹೆಚ್ಚು ಬಳಕೆಗೆ ತಂದದ್ದು ಕೆನಡಾದ ಡಿಂಗ್ವಾಲ್ ಕಂಪನಿ.

ಇಷ್ಟು ತಿಳಿದ ಮೇಲೆ ಆಯ್ಕೆ ಕಿರಿದಾಯಿತು. ಆದರೂ ಆರು ತಂತಿ ನನ್ನನ್ನು ಬಹಳ ಎಳೆಯಿತು. ಬಿ ಕೆಳಗೆ ಇನ್ನೊಂದು ಎಫ್ ಶಾರ್ಪ್ ತಂತಿ, ಎಂಟು ತಂತಿಯ ಗಿಟಾರಿಗೆ ಸರಿಯಾಗಿ ಒಂದು ಆಕ್ಟೇವ್ ಕೆಳಗೆ. ಕೇಳಲು ಎಷ್ಟು ಚೆಂದ! ಆ ಎಫ್ ಶಾರ್ಪ್ ಎಲ್ಲಿದೆ ನೋಡಿ, 23 ಹರ್ಟ್ಜ್. ನಮ್ಮ ಕಿವಿಯ ಕೆಳಗಿನ ಗಡಿಯೇ ಸುಮಾರು 20 ಹರ್ಟ್ಜ್. ಹೆಚ್ಚಿನ ಬೇಸ್ ಕ್ಯಾಬಿನೆಟ್‌ಗಳು 40-50 ಹರ್ಟ್ಜ್ ಕೆಳಗೆ ಸೊರಗುತ್ತವೆ. ಅಂದರೆ ಆ ತಂತಿ ನುಡಿಸಿದಾಗ ಕೇಳುವುದು ಎರಡನೆಯ ಹಾರ್ಮೋನಿಕ್ ಮತ್ತು ಅದರ ಮೇಲಿನವು. ಇನ್ನು 34 ಇಂಚಿನ ಬಿ ತಂತಿಯ ಬಿಗಿತವೇ ಅದಕ್ಕೂ ಬೇಕು ಅಂದರೆ 37 ಇಂಚಿನಲ್ಲೂ 160ರ ಆಸುಪಾಸಿನ ತಂತಿ ಬೇಕು, 34 ಇಂಚಿನಲ್ಲಾದರೆ 173 ಹತ್ತಿರ. ಅಷ್ಟು ದಪ್ಪದ ತಂತಿ ತೊಳೆದಷ್ಟು ಶುದ್ಧವಾಗಿ ನುಡಿಯುವುದು ಕಷ್ಟ. ಹಾಗಂತ ಬೇಡ ಅನ್ನುವುದಿಲ್ಲ, ಆ ಗುಡುಗೇ ಬೇಕಾದವರಿಗೆ ಅದು ಬೇಕೇ ಬೇಕು, ಒಳ್ಳೆಯ ಸಬ್‌ವೂಫರ್ ಇರುವ ಕಡೆ ಎದೆಗೇ ತಟ್ಟುತ್ತದೆ. ನನ್ನ ಹಾಡುಗಳಿಗೆ ಅದು ಬೇಕಿರಲಿಲ್ಲ. ಎಂಟು ತಂತಿಯ ಗಿಟಾರಿನ ಎಫ್ ಶಾರ್ಪ್ 46 ಹರ್ಟ್ಜ್, ಸಾಮಾನ್ಯ ನಾಲ್ಕು ತಂತಿಯ ಬೇಸ್‌ನ ಇ ಸ್ವರ 41. ಬೇಸ್ ಅಲ್ಲೇ ಗಿಟಾರಿನ ಜೊತೆಗೇ ನುಡಿದರೂ ತಳ ತುಂಬುತ್ತದೆ. ಬೇಕಾದ ಕಡೆ ಎ ಅಥವಾ ಜಿ ಶಾರ್ಪ್‌ಗೆ ಇಳಿಯಲು ಐದು ತಂತಿಯೇ ಸಾಕು. ಆರನೆಯ ತಂತಿ ಬಂದರೆ ಕುತ್ತಿಗೆಯೂ ಅಗಲ, ಭಾರವೂ ಜಾಸ್ತಿ.

ಆದ್ದರಿಂದ ಐದು ತಂತಿ, 37ರಿಂದ 34. ಅದು ಡಿಂಗ್ವಾಲ್ ಅಳತೆ. ಇದರ ಜೊತೆಗೆ ಐಬನೇಜ್ ಕಂಪನಿಯ ಎರಡು ಬಗೆ ನೋಡಿದೆ, 35.5ರಿಂದ 34 ಇರುವ ಎಸ್‌ಆರ್ ಮಲ್ಟಿಸ್ಕೇಲ್ (ಫ್ಯಾನ್ಡ್ ಫ್ರೆಟ್‌ಗೇ ಇನ್ನೊಂದು ಹೆಸರು), ಮತ್ತು 35ರಿಂದ 33 ಇರುವ ತಲೆಯಿಲ್ಲದ ಇಎಚ್‌ಬಿ. ಇಎಚ್‌ಬಿ ಕೈಗೆ ಬಹಳ ಹಗುರ, ಕೂತು ನುಡಿಸಲು ಅದರಷ್ಟು ಹಿತ ಇನ್ನೊಂದಿಲ್ಲ. ಬಿ ಸ್ವರಕ್ಕಿಂತ ಕೆಳಗೆ ಹೋಗದವರಿಗೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಆದರೆ ತಲೆಯಿಲ್ಲದ ಬೇಸ್‌ನಲ್ಲಿ ತಂತಿಯನ್ನು ಹಿಡಿಯುವ ತೂತಿಗೆ ಒಂದು ಮಿತಿ ಇರುತ್ತದೆ, ತುಂಬಾ ದಪ್ಪ ತಂತಿ ಅದರೊಳಗೆ ಹೋಗುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು. 35.5 ಇಂಚಿನದು ಡ್ರಾಪ್ ಎಗೆ ಪರವಾಗಿಲ್ಲ ಅನ್ನುವಂತಿತ್ತು. 37 ಇಂಚಿನದನ್ನು ಎ ಸ್ವರಕ್ಕೆ ಇಳಿಸಿ ಒಂದು ಸಲ ಹೊಡೆದಾಗ ವ್ಯತ್ಯಾಸ ಎದ್ದು ಕೇಳಿಸಿತು. ಸ್ವರದ ತುದಿ ಚೂಪು, ನಡು ಗಟ್ಟಿ, ಬಾಲದವರೆಗೂ ಶ್ರುತಿ ಅಲುಗುವುದಿಲ್ಲ.

ಕೈಗೆ ಕಷ್ಟ ಆಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಓರೆ ಫ್ರೆಟ್ ನೋಡಲು ವಿಚಿತ್ರ, ಬೆರಳಿಗೆ ಅಷ್ಟೇನೂ ವಿಚಿತ್ರ ಅಲ್ಲ. ಕೈ ಸಹಜವಾಗಿಯೇ ಕೆಳಗಿನ ಕಡೆ ಒಂದು ಕೋನದಲ್ಲಿ, ಮೇಲಿನ ಕಡೆ ಇನ್ನೊಂದು ಕೋನದಲ್ಲಿ ತಿರುಗುತ್ತದೆ, ಫ್ರೆಟ್‌ಗಳೂ ಹಾಗೇ ತಿರುಗಿರುತ್ತವೆ. ಕಷ್ಟ ಇರುವುದು ಮೊದಲ ಫ್ರೆಟ್‌ಗಳ ನಡುವಿನ ದೂರದಲ್ಲಿ. ಕೆಳಗಿನ ತಂತಿಯ ಮೇಲೆ ಒಂದನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 34 ಇಂಚಿನಲ್ಲಿ ಸುಮಾರು 130 ಮಿಲಿಮೀಟರ್, 37ರಲ್ಲಿ 141. ಈ 11 ಮಿಲಿಮೀಟರ್ ಸಣ್ಣ ಕೈಗೆ ದೊಡ್ಡದೇ. ಒಂದು ಫ್ರೆಟ್‌ಗೆ ಒಂದು ಬೆರಳು ಅನ್ನುವ ಪದ್ಧತಿ ಬಿಟ್ಟು, ಮೊದಲ ಐದು ಫ್ರೆಟ್‌ಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಮಾತ್ರ ಬಳಸಿ ಕೈ ಸರಿಸಿಕೊಂಡು ನುಡಿಸುವುದು ನನಗೆ ಒಗ್ಗಿತು. ಇನ್ನೊಂದು ವಿಷಯ, ಯಾವ ಫ್ರೆಟ್ ನೇರವಾಗಿದೆ ಅಂತ ನೋಡಿ. ಏಳನೆಯದರ ಹತ್ತಿರ ನೇರ ಇದ್ದರೆ ನಟ್ ಕಡೆಯ ಓರೆ ಮಿತವಾಗಿರುತ್ತದೆ. ಹನ್ನೆರಡನೆಯದರ ಕಡೆ ಸರಿದಷ್ಟೂ ಒಂದನೇ ಫ್ರೆಟ್ ಜಾಸ್ತಿ ಓರೆಯಾಗುತ್ತದೆ. ಅಂಗಡಿಯಲ್ಲಿ ಕೂತು ನೋಡಿದರೆ ಸಾಲದು, ಪಟ್ಟಿ ಹಾಕಿಕೊಂಡು ನಿಂತು ನೋಡಬೇಕು. ಒಂದನೇ ಫ್ರೆಟ್ ಎಷ್ಟು ದೂರ ಹೋಯಿತು, ಕುತ್ತಿಗೆ ನೆಲದ ಕಡೆ ವಾಲುತ್ತದಾ ಅನ್ನುವುದು ನಿಂತಾಗಲೇ ತಿಳಿಯುತ್ತದೆ.

ಪರೀಕ್ಷೆ ಮಾಡುವಾಗ ನಾನು ಮಾಡುವ ಕೆಲಸ ಬಹಳ ಸರಳ. ಬೇಸ್‌ನಲ್ಲಿ ಇರುವ ತಂತಿಯನ್ನೇ ನನ್ನ ಕೆಳಗಿನ ಸ್ವರಕ್ಕೆ ಇಳಿಸುತ್ತೇನೆ. ಟ್ಯೂನರ್ ನೋಡುತ್ತಾ ಜೋರಾಗಿ ಹೊಡೆಯುತ್ತೇನೆ, ಮುಳ್ಳು ಎಷ್ಟು ಏರಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದೇ ಉತ್ತರ. ಕೆಲವು ಟ್ಯೂನರ್ ಅಷ್ಟು ಕೆಳಗಿನ ಸ್ವರ ಹಿಡಿಯುವುದಿಲ್ಲ, ಆಗ ಹನ್ನೆರಡನೇ ಫ್ರೆಟ್ ಮೇಲೆ ಸುಮ್ನೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ. ಆಮೇಲೆ ಕೆಳಗಿನ ತಂತಿಯಲ್ಲಿ ಹನ್ನೆರಡನೇ ಫ್ರೆಟ್ ಒತ್ತಿ ಕೇಳಿ. ಬಿರುಸು ತಂತಿಯ ದೋಷ ಅಲ್ಲಿ ಅಡಗುವುದಿಲ್ಲ. ಕೊನೆಗೆ ಮೇಲಿನ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ಬಿಟ್ಟು ಕೇಳಿ, ದನಿ ಬೇಗ ಸಾಯುವ ಜಾಗ ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಇದನ್ನೆಲ್ಲ ಆಂಪ್‌ನಲ್ಲಿ ಯಾವ ಡಿಸ್ಟಾರ್ಷನ್ನೂ ಇಲ್ಲದೆ ಮಾಡಿ.

ಕೊಂಡ ಮೇಲೆ ತಂತಿಯ ಕೆಲಸ ಇರುತ್ತದೆ, ಇಲ್ಲಿ ಜನ ಗಮನ ಕೊಡುವುದು ಕಡಿಮೆ. ತಂತಿ ತಯಾರಕರು ಒಂದು ಇಂಚಿಗೆ ಎಷ್ಟು ತೂಕ ಅನ್ನುವ ಪಟ್ಟಿ ಕೊಡುತ್ತಾರೆ, ಡಿ'ಅಡಾರಿಯೊ ಪಟ್ಟಿ ಸುಲಭವಾಗಿ ಸಿಗುತ್ತದೆ. ಉದ್ದವನ್ನು ಹರ್ಟ್ಜ್‌ನಿಂದ ಗುಣಿಸಿ, ಎರಡರಿಂದ ಗುಣಿಸಿ, ಬಂದದ್ದರ ವರ್ಗ ತೆಗೆದು, ಆ ತೂಕದಿಂದ ಗುಣಿಸಿ 386.4ರಿಂದ ಭಾಗಿಸಿದರೆ ಪೌಂಡ್‌ನಲ್ಲಿ ಬಿಗಿತ ಸಿಗುತ್ತದೆ. ಉದ್ದ ಇಂಚಿನಲ್ಲಿ, ತೂಕ ಪೌಂಡ್‌ನಲ್ಲಿ ಇರಬೇಕು. ಮಲ್ಟಿಸ್ಕೇಲ್‌ನಲ್ಲಿ ಒಂದೊಂದು ತಂತಿಗೂ ಬೇರೆ ಉದ್ದ ಹಾಕಬೇಕು ಅನ್ನುವುದು ಮರೆಯಬೇಡಿ. ನಾನು ಎಲ್ಲ ತಂತಿಯನ್ನೂ ಎರಡು ಫ್ರೆಟ್ ಇಳಿಸಿ ಎ ಡಿ ಜಿ ಸಿ ಎಫ್ ಮಾಡಿಕೊಂಡಿದ್ದೇನೆ. ಕೆಳಗೆ 135. ಮೇಲಿನ ಜಿ ತಂತಿಗೆ 34 ಇಂಚೇ ಇರುವುದರಿಂದ ಅಲ್ಲಿ ಉದ್ದದ ಲಾಭ ಇಲ್ಲ, ಅದಕ್ಕೆ 45ರ ಬದಲು 50 ಹಾಕಿದೆ, ಬಿಗಿ ಹಳೆಯದರಷ್ಟೇ ಬಂತು. ಜಿ ಶಾರ್ಪ್‌ಗೆ ಇಳಿಸಿದಾಗ 135 ಸುಮಾರು ಹತ್ತನೇ ಒಂದು ಪಾಲು ಸಡಿಲವಾಗುತ್ತದೆ. 145 ಹಾಕಿ ನೋಡಿದೆ, ಬಿಗಿ ಸರಿಹೋಯಿತು, ಆದರೆ ಸ್ಪಷ್ಟತೆ ಒಂದು ಮೆಟ್ಟಿಲು ಇಳಿಯಿತು. ಆ ಹಾಡುಗಳಲ್ಲಿ ಕೈ ಸ್ವಲ್ಪ ಹಗುರ ಮಾಡಿ 135ರಲ್ಲೇ ನುಡಿಸುತ್ತೇನೆ.

ತಂತಿ ಕೊಳ್ಳುವ ಮೊದಲು ಕೆಳಗಿನ ತಂತಿಯ ಗುಂಡಿನ ತುದಿಯಿಂದ (ಬ್ರಿಡ್ಜ್ ಕಡೆ ಸಿಕ್ಕಿಸುವ ಲೋಹದ ಗುಂಡು) ನಟ್‌ವರೆಗೆ ಅಳೆದುಕೊಳ್ಳಿ. 34 ಇಂಚಿನ ಬೇಸ್‌ಗೆ ಮಾಡಿದ ಸಾಮಾನ್ಯ ಸೆಟ್ 37 ಇಂಚಿಗೆ ಸಾಲುವುದಿಲ್ಲ, ದಪ್ಪ ಸುತ್ತು ನಟ್ ದಾಟುವ ಮೊದಲೇ ಮುಗಿದುಹೋಗುತ್ತದೆ. ತಂತಿ ಮರದ ಒಳಗಿನಿಂದ ಹಾದುಬರುವ ಬೇಸ್ ಆದರೆ ಇನ್ನೂ ಉದ್ದ ಬೇಕು. ಸೂಪರ್ ಲಾಂಗ್ ಅಂತ ಬರೆದಿರುವುದನ್ನೂ ಅಳತೆ ಕೇಳಿಯೇ ತೆಗೆದುಕೊಳ್ಳಿ. ಬ್ರಿಡ್ಜ್ ಕಡೆ ಸುತ್ತು ಕಡಿಮೆ ಮಾಡಿ ಸಣ್ಣಗೆ ಮಾಡಿದ ತಂತಿ ಸಿಕ್ಕರೆ ಕೆಳಗಿನ ಸ್ವರಕ್ಕೆ ಅದು ಒಳ್ಳೆಯದು. ಸ್ಯಾಡಲ್ (ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರುವ ತುಂಡು) ಮೇಲೆ ಚೆನ್ನಾಗಿ ಬಾಗಿ ಕೂರುತ್ತದೆ.

ನಟ್‌ನಲ್ಲಿ ತಂತಿ ಕೂರುವ ತೋಡನ್ನು ಹೊಸ ತಂತಿಯ ದಪ್ಪಕ್ಕೆ ಉಜ್ಜಿಸಿಕೊಳ್ಳಬೇಕು, ಇಲ್ಲದಿದ್ದರೆ ತಂತಿ ಮೇಲೆಯೇ ಕೂತು ಒಂದನೇ ಫ್ರೆಟ್ ಸ್ವರ ಏರಿರುತ್ತದೆ. ದಪ್ಪ ತಂತಿಗೆ ಸ್ಯಾಡಲ್ ಜಾಸ್ತಿ ಹಿಂದೆ ಹೋಗಬೇಕಾಗುತ್ತದೆ, ಬ್ರಿಡ್ಜ್‌ನಲ್ಲಿ ಅಷ್ಟು ಜಾಗ ಇದೆಯಾ ನೋಡಿ. ಪಿಕಪ್ ವಿಷಯದಲ್ಲಿ ಒಂದೇ ಮಾತು: ಓರೆ ಪಿಕಪ್‌ಗೆ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಭಾಗ) ಬದಲಿ ಸುಲಭವಾಗಿ ಸಿಗುವುದಿಲ್ಲ, ಇರುವ ದನಿ ಇಷ್ಟವಾದರೆ ಮಾತ್ರ ಕೊಳ್ಳಿ. ಆಂಪ್‌ಗೆ ಹೋಗುವ ಮೊದಲು 30 ಹರ್ಟ್ಜ್ ಹತ್ತಿರ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದು ತಗ್ಗಿಸುವ ಸಾಧನ) ಇಟ್ಟಿದ್ದೇನೆ. ಎ ಸ್ವರ 27.5 ಹರ್ಟ್ಜ್, ಅದರ ತಳ ಸ್ವಲ್ಪ ಕತ್ತರಿಸಿದರೂ ಕಿವಿಗೆ ಮುಖ್ಯವಾಗಿ ಕೇಳುವ 55 ಹರ್ಟ್ಜ್ ಹಾಗೇ ಉಳಿಯುತ್ತದೆ, ಸ್ಪೀಕರ್ ಕೋನ್ ಸುಮ್ಮನೆ ಒದ್ದಾಡುವುದು ನಿಲ್ಲುತ್ತದೆ. ಆಂಪ್‌ನ ಬೇಸ್ ನಾಬ್ ಏರಿಸುವುದಕ್ಕಿಂತ 100 ಹರ್ಟ್ಜ್ ಮೇಲಿನ ಭಾಗ ಮತ್ತು 2 ಕಿಲೋಹರ್ಟ್ಜ್ ಆಸುಪಾಸಿನ ಪಿಕ್‌ನ ಸದ್ದನ್ನು ಎತ್ತಿದರೆ ಕೆಳಗಿನ ಸ್ವರ ಗಿಟಾರಿನ ನಡುವಿನಿಂದ ಎದ್ದು ಬರುತ್ತದೆ. ಕಿಕ್ ಡ್ರಮ್ ಎಲ್ಲಿ ಕೂತಿದೆ ಅಂತ ಕೇಳಿಕೊಂಡು ಅದಕ್ಕೆ ಜಾಗ ಬಿಟ್ಟು ಈ ಹೊಂದಾಣಿಕೆ ಮಾಡಿ.