ಹುಲ್ಲುಗಾವಲಲ್ಲಿ ಎಷ್ಟು ಹಕ್ಕಿ? ಅಂದಾಜು ಮಾಡುವ ಬಗೆ

ಹೆಸರಘಟ್ಟದಂಥ ಹುಲ್ಲುಗಾವಲಲ್ಲೋ ಪಕ್ಕದ ರಾಗಿ ಹೊಲದಲ್ಲೋ ಗೂಡು ಮಾಡುವ ಹಕ್ಕಿಗಳನ್ನು ಒಂದೂ ಬಿಡದೆ ಎಣಿಸಲಾಗದು. ನೆಲಗುಬ್ಬಿಗೆ ಮಣ್ಣಿನದೇ ಬಣ್ಣ. ಕೌಜುಗ ಕಾಲಬುಡಕ್ಕೆ ಬರುವವರೆಗೂ ಏಳುವುದಿಲ್ಲ. ಹಾಗಾಗಿ ಕಂಡದ್ದನ್ನು ಎಣಿಸಿ, ಕಾಣದ್ದನ್ನು ದೂರದ ಲೆಕ್ಕದಿಂದ ಹಿಡಿಯಬೇಕು.

ನಕ್ಷೆಯ ಮೇಲೆ 1 ಕಿ.ಮೀ. ಉದ್ದದ ಎಂಟು ನೇರ ಗೆರೆ ಎಳೆಯಿರಿ, ನಡುವೆ ಕನಿಷ್ಠ 250 ಮೀಟರ್ ಅಂತರವಿರಲಿ. ಮೊದಲ ಗೆರೆಯ ಜಾಗ ಚೀಟಿ ಎತ್ತಿ ಗೊತ್ತುಮಾಡಿ. ಉಳಿದವು ಸಮ ಅಂತರದಲ್ಲಿ ಬರಲಿ. ಗಾಡಿದಾರಿ, ಬದು ಹಿಡಿದು ನಡೆಯುವುದು ಸುಲಭವೇನೋ ಹೌದು. ಆದರೆ ದಾರಿಯ ದೂಳಿಗೆ ನೆಲಗುಬ್ಬಿಗಳು ಬರುತ್ತವೆ, ಲೆಕ್ಕ ಉಬ್ಬುತ್ತದೆ. ಬೆಳೆ ಇರುವ ಹೊಲಕ್ಕೆ ರೈತರನ್ನು ಕೇಳಿಯೇ ಇಳಿಯಿರಿ.

ಹಳದಿ ಟಿಟ್ಟಿಭ ಮಳೆಗೆ ಮುಂಚೆ ಬರಡು ನೆಲದಲ್ಲಿ ಮೊಟ್ಟೆಯಿಡುತ್ತದೆ, ಗೀಜಗ ಮಳೆ ಹಿಡಿದ ಮೇಲೆ ಗೂಡು ನೇಯುತ್ತದೆ. ಆದ್ದರಿಂದ ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಅದೇ ಗೆರೆಗಳಲ್ಲಿ ನಡೆದು, ಪ್ರತಿ ಜಾತಿಗೂ ಹೆಚ್ಚು ಸಿಕ್ಕ ಸುತ್ತಿನ ಲೆಕ್ಕ ಹಿಡಿಯಿರಿ. ಸೂರ್ಯೋದಯಕ್ಕೆ ಶುರುಮಾಡಿ ಎರಡು ಗಂಟೆಯೊಳಗೆ ಮುಗಿಸಿ. ಎಂಟೂ ಗೆರೆ ಒಂದೇ ಬೆಳಗ್ಗೆ ಆಗುವುದಿಲ್ಲ, ಹಂಚಿಕೊಳ್ಳಿ. ಜೋರು ಗಾಳಿಯಿದ್ದರೆ ಆ ದಿನ ಬಿಡಿ.

ಪ್ರತಿ ಹಕ್ಕಿಯನ್ನೂ ಗೆರೆಯಿಂದ 0–25 ಮೀಟರ್ ಅಥವಾ 25–100 ಮೀಟರ್ ಎಂಬ ಎರಡು ಪಟ್ಟಿಗಳಲ್ಲೊಂದಕ್ಕೆ ಸೇರಿಸಿ. ಬ್ರಿಟನ್ನಿನಲ್ಲಿ 1994ರಿಂದ ನಡೆಯುತ್ತಿರುವ ಸಂತಾನೋತ್ಪತ್ತಿ ಹಕ್ಕಿಗಳ ಸಮೀಕ್ಷೆಯಲ್ಲೂ ಇವೇ ಅಳತೆಗಳು. 25 ಮೀಟರಿಗೆ ಕಣ್ಣು ಪಳಗಲು ಮೊದಲೇ ಹಗ್ಗ ಹಾಸಿ ನೋಡಿಕೊಳ್ಳಿ. ಹಾಡುತ್ತ ಮೇಲೇರಿದ ನೆಲಗುಬ್ಬಿಗೆ ಅದರ ಕೆಳಗಿನ ನೆಲವೇ ಜಾಗ. ಟಿಟ್ಟಿಭ ಕೂಗುತ್ತ ಬೆನ್ನು ಹತ್ತುತ್ತದೆ. ಮೊದಲು ಕಂಡಲ್ಲಿ ಒಮ್ಮೆ ಮಾತ್ರ ಬರೆಯಿರಿ. ತಲೆಯ ಮೇಲೆ ಹಾದುಹೋದ ಹದ್ದು ಲೆಕ್ಕಕ್ಕಿಲ್ಲ.

ಈಗ ಲೆಕ್ಕ. ಗೆರೆಯ ಎರಡೂ ಬದಿ ಸೇರಿ, ಎಂಟು ಗೆರೆಗಳ ಒಳಪಟ್ಟಿಯ (0–25 ಮೀಟರ್) ವಿಸ್ತೀರ್ಣ 40 ಹೆಕ್ಟೇರ್, ಹೊರಪಟ್ಟಿಯದು 120. ಉದಾಹರಣೆಗೆ, ಒಳಗೆ ಹಾಡುವ ಗಂಡು 30, ಹೊರಗೆ 45 ಸಿಕ್ಕವು ಎನ್ನೋಣ. ಹೊರಗೆ ಮೂರು ಪಟ್ಟು, ಅಂದರೆ 90 ಇರಬೇಕಿತ್ತು, ಅರ್ಧ ತಪ್ಪಿಹೋಗಿವೆ. ಒಳಪಟ್ಟಿಯಲ್ಲಿ ಯಾವುದೂ ತಪ್ಪಿಲ್ಲ ಎಂದು ಹಿಡಿದರೆ ಹೆಕ್ಟೇರಿಗೆ 0.75, ಒಟ್ಟು 160 ಹೆಕ್ಟೇರಿಗೆ 120 ಗಂಡು. ಹೊರಪಟ್ಟಿಯದು ಮೂರು ಪಟ್ಟನ್ನೂ ಮೀರಿದ್ದರೆ, ಹಕ್ಕಿಗಳು ನಿಮ್ಮನ್ನು ಕಂಡು ಮೊದಲೇ ದೂರ ಸರಿದಿರಬಹುದು. ಮುಂದಿನ ಸಲ ದೃಷ್ಟಿ ಮುಂದಕ್ಕಿರಲಿ.

ಒಂದು ಜಾತಿಗೆ ಎರಡೂ ಪಟ್ಟಿ ಸೇರಿ 60 ದಾಖಲೆಯೂ ಇಲ್ಲದಿದ್ದರೆ ಸಂಖ್ಯೆ ಕೊಡದಿರುವುದೇ ಲೇಸು. ಕೊಡುವಾಗಲೂ ವ್ಯಾಪ್ತಿ ಕೊಡಿ: ಗೆರೆಗೊಂದರಂತೆ ಎಂಟು ಸಾಂದ್ರತೆ ತೆಗೆದು, ಸರಾಸರಿಗೆ ಸ್ಟ್ಯಾಂಡರ್ಡ್ ಎರರ್‌ನ (ಗೆರೆಯಿಂದ ಗೆರೆಗಿರುವ ಏರುಪೇರಿನಿಂದ ಸರಾಸರಿ ಎಷ್ಟು ತಪ್ಪಬಹುದು ಎಂಬ ಅಳತೆ) 2.4 ಪಟ್ಟು ಕೂಡಿಸಿ, ಕಳೆಯಿರಿ.

ಗೀಜಗಕ್ಕೆ ಈ ವಿಧಾನ ಒಗ್ಗದು. ಗೂಡುಗಳ ಎಣಿಕೆಯೇ ಬೇಕು. ಆದರೆ ಗೂಡೊಂದಕ್ಕೆ ಒಂದು ಜೋಡಿ ಎನ್ನುವಂತಿಲ್ಲ. ಒಂದೇ ಗಂಡು ಹಲವು ಗೂಡು ನೇಯುತ್ತದೆ, ಹೆಣ್ಣು ಒಪ್ಪದ್ದನ್ನು ಅರ್ಧಕ್ಕೇ ಬಿಡುತ್ತದೆ. ಕೊಳವೆ ಪೂರ್ತಿಯಾಗಿ, ಹೆಣ್ಣು ಹೋಗಿಬರುವ ಗೂಡುಗಳನ್ನಷ್ಟೇ ಎಣಿಸಿ. ಅದು ಹೆಣ್ಣುಗಳ ಸಂಖ್ಯೆ. ನೆಲದ ಗೂಡುಗಳನ್ನಂತೂ ಹುಡುಕಲೇಬೇಡಿ. ನಿಮ್ಮ ಹೆಜ್ಜೆಯ ಜಾಡು ಹಿಡಿದು ನಾಯಿಗಳು ಬರುತ್ತವೆ.